ಅಪಘಾತದ ತಿಂಗಳ ಲೆಕ್ಕವನ್ನು ಹೋದ ತಿಂಗಳ ಪಕ್ಕ ಇಡಬೇಡಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ–ಧಾರವಾಡದ ರಸ್ತೆ ಅಪಘಾತಗಳ ತಿಂಗಳ ಲೆಕ್ಕ ಪತ್ರಿಕೆಗಳಲ್ಲಿ ಬಂದಾಗ ತಲೆಬರಹ ಸಾಮಾನ್ಯವಾಗಿ ಎರಡೇ ಬಗೆಯದು. ಹೋದ ತಿಂಗಳಿಗಿಂತ ಹೆಚ್ಚು, ಇಲ್ಲವೇ ಹೋದ ತಿಂಗಳಿಗಿಂತ ಕಡಿಮೆ. ಹೆಚ್ಚಾಯಿತು ಅಂದರೆ ನಾಲ್ಕು ದಿನ ಹೆಲ್ಮೆಟ್ ತಪಾಸಣೆ ಬಿರುಸಾಗುತ್ತದೆ. ಕಡಿಮೆಯಾಯಿತು ಅಂದರೆ ಅದರ ಶ್ರೇಯ ಆ ತಪಾಸಣೆಗೇ ಸಲ್ಲುತ್ತದೆ. ನಮ್ಮ ಅಳತೆಯ ಊರಿಗೆ ಈ ಹೋಲಿಕೆ ಹೊಂದುವುದಿಲ್ಲ ಎನ್ನುವುದನ್ನು ತಿಳಿಸಲು, ಜೊತೆಗೆ ಅದೇ ಜಾಗದಲ್ಲಿ ಏನು ಅಚ್ಚಾದರೆ ಊರಿಗೆ ಉಪಯೋಗ ಎಂದು ಸೂಚಿಸಲು ಈ ಪತ್ರ.

ಇದನ್ನು ದೊಡ್ಡವರು ನೋಡಿಕೊಳ್ಳುತ್ತಾರೆ ಎಂದು ಬಿಡುವಂತಿಲ್ಲ. ಕೇಂದ್ರದ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ ಪ್ರತಿ ವರ್ಷ ಹೊರತರುವ ಅಪಘಾತ ವರದಿಯಲ್ಲಿ 10 ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ 50 ನಗರಗಳ ಲೆಕ್ಕ ಬೇರೆಯಾಗಿ ಇರುತ್ತದೆ. ಕರ್ನಾಟಕದಿಂದ ಆ ಪಟ್ಟಿಯಲ್ಲಿರುವುದು ಬೆಂಗಳೂರು ಒಂದೇ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ–ಧಾರವಾಡದ ಜನಸಂಖ್ಯೆ 9.43 ಲಕ್ಷ ಇತ್ತು, ಹಾಗಾಗಿ ನಾವು ಹೊರಗೆ. ಮೈಸೂರು, ಮಂಗಳೂರು, ಬೆಳಗಾವಿ, ದಾವಣಗೆರೆಗಳ ಪಾಡೂ ಇದೇ. 2023ರಲ್ಲಿ ರಾಜ್ಯದ ರಸ್ತೆಗಳಲ್ಲಿ 12,321 ಜನ ಸತ್ತರು. ದಿನಕ್ಕೆ ಸರಾಸರಿ 33ಕ್ಕೂ ಹೆಚ್ಚು ಜನ. ಅದರಲ್ಲಿ ನಮ್ಮಂಥ ಊರುಗಳ ಪಾಲು ಎಲ್ಲಿ, ಯಾವ ಹೊತ್ತಿನಲ್ಲಿ, ಯಾವ ರೀತಿ ಆಯಿತು ಎಂದು ಕೂತು ನೋಡುವವರು ಸ್ಥಳೀಯ ಪೊಲೀಸರು, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಮತ್ತು ಸ್ಥಳೀಯ ಪತ್ರಿಕೆ, ಇಷ್ಟೇ.

ಮೊದಲು ಸಂಖ್ಯೆಯ ಗಾತ್ರ ನೋಡಿ. ಲೆಕ್ಕ ಬಿಡಿಸಲು ಒಂದು ಊಹೆ ಮಾಡಿಕೊಳ್ಳೋಣ: ಒಂದು ಊರಿನಲ್ಲಿ ತಿಂಗಳಿಗೆ ಸರಾಸರಿ 9 ಜನ ಅಪಘಾತದಲ್ಲಿ ಸಾಯುತ್ತಾರೆ, ವರ್ಷವಿಡೀ ರಸ್ತೆ, ವಾಹನ, ಜನ, ಪೊಲೀಸ್ ಏನೊಂದೂ ಬದಲಾಗುವುದಿಲ್ಲ. ಆಗಲೂ ಪ್ರತಿ ತಿಂಗಳು ಸರಿಯಾಗಿ 9 ಬರುವುದಿಲ್ಲ. ಇಂಥ ಬಿಡಿಬಿಡಿ ಘಟನೆಗಳ ಸಹಜ ಏರಿಳಿತ ಸರಾಸರಿಯ ವರ್ಗಮೂಲದಷ್ಟಿರುತ್ತದೆ. 9ರ ವರ್ಗಮೂಲ 3, ಅದರ ಎರಡರಷ್ಟು 6. ಅಂದರೆ 3ರಿಂದ 15ರವರೆಗೆ ಯಾವ ಸಂಖ್ಯೆ ಬಂದರೂ ಅದು ಬರೀ ಆಕಸ್ಮಿಕ ಇರಬಹುದು. ಇಪ್ಪತ್ತು ತಿಂಗಳಲ್ಲಿ ಹತ್ತೊಂಬತ್ತು ತಿಂಗಳು ಈ ಅಂತರದೊಳಗೇ ಸಿಗುತ್ತವೆ. ಹೋದ ತಿಂಗಳು 12 ಇದ್ದದ್ದು ಈ ತಿಂಗಳು 8 ಆದರೆ ಸುದ್ದಿಯಲ್ಲಿ ಅದು ‘ಶೇ 33 ಇಳಿಕೆ’. ವಾಸ್ತವದಲ್ಲಿ ಆ ಊರಿನಲ್ಲಿ ಏನೂ ಆಗಿಲ್ಲ.

ವರದಿಗಾರರು ಜೇಬಿನಲ್ಲಿಟ್ಟುಕೊಳ್ಳಬಹುದಾದ ಒಂದು ಸುಲಭ ಸೂತ್ರ ಇದೆ. ಎರಡು ಅವಧಿಗಳ ಸಂಖ್ಯೆಗಳನ್ನು ಕೂಡಿಸಿ, ಮೊತ್ತದ ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ. ಎರಡೂ ಸಂಖ್ಯೆಗಳ ನಡುವಿನ ವ್ಯತ್ಯಾಸ ಇದಕ್ಕಿಂತ ಹೆಚ್ಚಿದ್ದರೆ ಮಾತ್ರ ಏರಿಕೆ ಅಥವಾ ಇಳಿಕೆ ಎನ್ನಿ. 12 ಮತ್ತು 8ರ ಮೊತ್ತ 20, ವರ್ಗಮೂಲ ಸುಮಾರು 4.5, ಎರಡರಷ್ಟು 9. ವ್ಯತ್ಯಾಸ ಬರೀ 4. ಅಲ್ಲಿಗೆ ಸುದ್ದಿ ಇಲ್ಲ. ಹನ್ನೆರಡು ತಿಂಗಳ ಮೊತ್ತ ಹಿಡಿದರೂ ಸುಲಭವಲ್ಲ: ಹಿಂದಿನ ಹನ್ನೆರಡು ತಿಂಗಳಲ್ಲಿ 108, ಈಚಿನ ಹನ್ನೆರಡು ತಿಂಗಳಲ್ಲಿ 84 ಸಾವು ಆಗಿದ್ದರೆ ವ್ಯತ್ಯಾಸ 24, ಬೇಕಾದದ್ದು 28ಕ್ಕೆ ಹತ್ತಿರ. ಅದು ಒಳ್ಳೆಯ ಸೂಚನೆ, ಆದರೆ ಖಾತ್ರಿಯಲ್ಲ. ಈ ಕಾರಣಕ್ಕೇ ನಮ್ಮಂಥ ಊರುಗಳಲ್ಲಿ ಸಾವಿನ ಜೊತೆ ಭಾರಿ ಗಾಯದ ಅಪಘಾತಗಳನ್ನೂ ಸೇರಿಸಿ ಎಣಿಸಬೇಕು. ಸಂಖ್ಯೆ ದೊಡ್ಡದಾದಷ್ಟೂ ಅದರ ಮಾತು ಸ್ಪಷ್ಟ.

ಎರಡನೆಯ ತೊಡಕು ಹೆಚ್ಚಿನವರ ಗಮನಕ್ಕೆ ಬಂದೇ ಇಲ್ಲ. ಅಪಘಾತ ಆದ ದಿನದಿಂದ 30 ದಿನಗಳೊಳಗೆ ಗಾಯಾಳು ತೀರಿಕೊಂಡರೆ ಅದನ್ನು ಅಪಘಾತದ ಸಾವು ಎಂದು ಎಣಿಸುವುದು ದೇಶದ ನಿಯಮ. ಆ ಸಾವು ಸೇರಬೇಕಾದದ್ದು ಅಪಘಾತ ನಡೆದ ತಿಂಗಳಿಗೆ. ಜನವರಿ 31ರಂದು ಬಿದ್ದವರು ಮಾರ್ಚ್ 2ರವರೆಗೂ ಜನವರಿಯ ಲೆಕ್ಕದಲ್ಲೇ ಇರುತ್ತಾರೆ. ಹಾಗಾಗಿ ಜನವರಿಯ ಲೆಕ್ಕ ಪಕ್ಕಾ ಆಗುವುದು ಮಾರ್ಚ್ ಮೊದಲ ವಾರದಲ್ಲಿ. ಫೆಬ್ರುವರಿ 3ರಂದು ಕೊಟ್ಟ ಜನವರಿಯ ಸಂಖ್ಯೆಯಲ್ಲಿ ಐಸಿಯುನಲ್ಲಿ ಇನ್ನೂ ಉಸಿರಾಡುತ್ತಿರುವವರು ಗಾಯಾಳುಗಳಾಗಿಯೇ ಇರುತ್ತಾರೆ. ಆ ಅರೆಬರೆ ಸಂಖ್ಯೆಯನ್ನು ಹಿಂದಿನ ವರ್ಷದ ಜನವರಿಯ ಪೂರ್ತಿ ಸಂಖ್ಯೆಯ ಪಕ್ಕ ಇಟ್ಟರೆ ಏನು ಕಾಣುತ್ತದೆ? ಪ್ರತಿ ಸಲವೂ ಇಳಿಕೆಯ ಕಡೆಗೇ ವಾಲಿಕೆ. ಇದು ಯಾರೂ ಬೇಕೆಂದು ಮಾಡಿದ ಮೋಸವಲ್ಲ. ಬೇಯದ ಲೆಕ್ಕವನ್ನು ಬೆಂದ ಲೆಕ್ಕದ ಪಕ್ಕ ಇಟ್ಟಿದ್ದರ ಪರಿಣಾಮ.

ಠಾಣೆಯ ಕಾಗದದಲ್ಲಿ ಇದು ಹೀಗೆ ನಡೆಯುತ್ತದೆ. ಬೈಕ್ ಸವಾರನಿಗೆ ತಲೆಗೆ ಪೆಟ್ಟಾದ ದಿನ ಪ್ರಕರಣ ದಾಖಲಾಗುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 281 (ಅಜಾಗರೂಕ ಚಾಲನೆ) ಮತ್ತು 125(ಬಿ) (ಭಾರಿ ಗಾಯ) ಅಡಿಯಲ್ಲಿ. ಹದಿನೈದು ದಿನಗಳ ಮೇಲೆ ‘ಉಪಚಾರ ಫಲಿಸದೇ ಮೃತಪಟ್ಟ’ ಬಗ್ಗೆ ಆಸ್ಪತ್ರೆಯಿಂದ ಮಾಹಿತಿ ಬಂದಾಗ ತನಿಖಾಧಿಕಾರಿ ನ್ಯಾಯಾಲಯಕ್ಕೆ ವಿನಂತಿ ಬರೆದು ಕಲಂ 106 (ನಿರ್ಲಕ್ಷ್ಯದಿಂದ ಸಾವು) ಸೇರಿಸುತ್ತಾರೆ. ಪ್ರಕರಣದ ಕಡತದಲ್ಲಿ ತಿದ್ದುಪಡಿ ಆಗುತ್ತದೆ. ಪತ್ರಿಕೆಗೆ ಆಗಲೇ ಹೋಗಿಬಿಟ್ಟ ತಿಂಗಳ ಸಂಖ್ಯೆಯಲ್ಲಿ ಆಗುವುದಿಲ್ಲ. ಗಾಯಾಳುವನ್ನು ಮನೆಯವರು ಬೆಳಗಾವಿಗೋ ಬೆಂಗಳೂರಿಗೋ ಕರೆದೊಯ್ದಿದ್ದರೆ ಸಾವಿನ ಮಾಹಿತಿ ಮೂಲ ಠಾಣೆಗೆ ತಲುಪಲು ಇನ್ನಷ್ಟು ದಿನ ಬೇಕು. ಹೋದ ತಿಂಗಳ ಸಂಖ್ಯೆ ಎಷ್ಟಿತ್ತು, ಈಗ ಎಷ್ಟಾಗಿದೆ ಎಂದು ಪ್ರತಿ ತಿಂಗಳ ಪ್ರಕಟಣೆಯಲ್ಲಿ ಒಂದು ಸಾಲು ಸೇರಿಸಿದರೆ ಈ ತೊಡಕು ಬಗೆಹರಿಯುತ್ತದೆ.

ಭಾರಿ ಗಾಯದ ಲೆಕ್ಕಕ್ಕೂ ಒಂದು ಎಚ್ಚರಿಕೆ ಬೇಕು. 2024ರ ಜುಲೈ 1ರವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯಲ್ಲಿ, ಮೂಳೆ ಮುರಿತದಂಥ ಗಾಯಗಳ ಜೊತೆಗೆ, 20 ದಿನ ತೀವ್ರ ನೋವಿನಲ್ಲಿದ್ದರೆ ಅಥವಾ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ ಅದು ಭಾರಿ ಗಾಯವಾಗಿತ್ತು. ಹೊಸ ಸಂಹಿತೆಯ ಕಲಂ 116ರಲ್ಲಿ ಅದು 15 ದಿನಕ್ಕೆ ಇಳಿದಿದೆ. ಆ ದಿನಾಂಕದ ಆಚೆ ಈಚೆ ಹೋಲಿಸುವಾಗ ಗಾಯ ಹೆಚ್ಚಾದಂತೆ ಕಂಡರೆ, ಬದಲಾದದ್ದು ರಸ್ತೆಯೋ ವ್ಯಾಖ್ಯೆಯೋ ಎಂದು ಮೊದಲು ಕೇಳಬೇಕು. ಸಾದಾ ಗಾಯದ ಸಂಖ್ಯೆಯನ್ನಂತೂ ನಂಬಿ ಯಾವ ತೀರ್ಮಾನಕ್ಕೂ ಬರಬಾರದು. ರಸ್ತೆ ಪಕ್ಕದಲ್ಲೇ ರಾಜಿಯಾಗಿ, ಹ್ಯಾಂಡಲ್ ರಿಪೇರಿಗೆ ದುಡ್ಡು ಕೊಟ್ಟು ಮುಗಿಯುವ ಪ್ರಕರಣಗಳು ಯಾವ ದಾಖಲೆಗೂ ಬರುವುದಿಲ್ಲ. ವಿಮೆ ಬೇಕಾದಾಗ ಮಾತ್ರ ಬರುತ್ತವೆ. ದೂರು ಕೊಡುವುದು ಸುಲಭವಾದ ವರ್ಷ ಆ ಸಂಖ್ಯೆ ಏರುತ್ತದೆ, ಅದು ಒಳ್ಳೆಯ ಬೆಳವಣಿಗೆಯೇ ಹೊರತು ಅಪಾಯ ಹೆಚ್ಚಿದ್ದಲ್ಲ.

ಇನ್ನು ಸರಹದ್ದಿನ ಮಾತು. ಅವಳಿ ನಗರ ಅಂದಾಗ ಜನರ ಮನಸ್ಸಿಗೆ ಬರುವ ಊರು ಮತ್ತು ಪೊಲೀಸ್ ಕಮಿಷನರೇಟ್‌ನ ವ್ಯಾಪ್ತಿ ಒಂದೇ ಅಲ್ಲ. ಧಾರವಾಡದ ನರೇಂದ್ರದಿಂದ ಹುಬ್ಬಳ್ಳಿಯ ಗಬ್ಬೂರಿನವರೆಗಿನ ಬೈಪಾಸ್ ಸುಮಾರು 30 ಕಿ.ಮೀ. ಉದ್ದದ ರಾಷ್ಟ್ರೀಯ ಹೆದ್ದಾರಿ 48ರ ತುಂಡು. ಅದರ ಒಂದಷ್ಟು ಭಾಗ ಜಿಲ್ಲಾ ಪೊಲೀಸರ ಗ್ರಾಮೀಣ ಠಾಣೆಗಳಿಗೆ ಸೇರುತ್ತದೆ. 2021ರ ಜನವರಿ 15ರಂದು ಇಟಿಗಟ್ಟಿ ಬಳಿ ಟೆಂಪೊ ಟ್ರಾವೆಲರ್ ಮತ್ತು ಟಿಪ್ಪರ್ ಮುಖಾಮುಖಿಯಾಗಿ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಗುಂಪಿನ ಹತ್ತರಷ್ಟು ಜನ ಸತ್ತರು. ವರ್ಷಗಟ್ಟಲೆ ದ್ವಿಪಥವಾಗಿ, ನಡುವೆ ವಿಭಜಕವೇ ಇಲ್ಲದೆ ಉಳಿದಿದ್ದ ಆ ರಸ್ತೆಯ ವಿಸ್ತರಣೆಗೆ ಆ ಮೇಲೆ ಕೂಗು ಬಲವಾಯಿತು, ಆರು ಪಥದ ಕಾಮಗಾರಿ ಶುರುವಾಯಿತು. ಲೆಕ್ಕದ ದೃಷ್ಟಿಯಿಂದ ಆ ದಿನ ಎರಡು ವಿಷಯ ಕಲಿಸುತ್ತದೆ. ಯಾವ ಠಾಣೆಯ ಪುಸ್ತಕದಲ್ಲಿ ಸೇರುತ್ತದೆ ಎಂಬುದರ ಮೇಲೆ ಒಂದು ಊರಿನ ಆ ತಿಂಗಳ ಸಂಖ್ಯೆ ಹತ್ತು ಏರಬಹುದು ಅಥವಾ ಏರದೇ ಇರಬಹುದು. ಮತ್ತೆ, ಅಷ್ಟು ಸಾವು ಸಂಭವಿಸಿದ್ದು ಒಂದೇ ಅಪಘಾತದಲ್ಲಿ. ಅದಕ್ಕೇ ಸತ್ತವರ ಸಂಖ್ಯೆ ಮತ್ತು ಸಾವು ತಂದ ಅಪಘಾತಗಳ ಸಂಖ್ಯೆ ಎರಡನ್ನೂ ಬೇರೆ ಬೇರೆ ಕೊಡಬೇಕು. ಏರಿಳಿತ ನೋಡಲು ಎರಡನೆಯದೇ ಸರಿ. ನಷ್ಟ ಅರಿಯಲು ಮೊದಲನೆಯದು.

ಆಸ್ಪತ್ರೆಯ ಲೆಕ್ಕ ತಂದು ಇದನ್ನು ಸರಿಪಡಿಸುತ್ತೇವೆ ಎಂದುಕೊಂಡರೂ ಕಷ್ಟ. ಹುಬ್ಬಳ್ಳಿಯ ಕಿಮ್ಸ್‌ಗೆ ಹಾವೇರಿ, ಗದಗ, ಕೊಪ್ಪಳ, ಉತ್ತರ ಕನ್ನಡದಿಂದಲೂ ಗಾಯಾಳುಗಳು ಬರುತ್ತಾರೆ. ಅಲ್ಲಿನ ಎಂಎಲ್‌ಸಿ ಪುಸ್ತಕದಲ್ಲಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳ ದಾಖಲೆಯಲ್ಲಿ, ಇರುವ ಎಲ್ಲರೂ ನಮ್ಮ ರಸ್ತೆಯಲ್ಲಿ ಬಿದ್ದವರಲ್ಲ. ಆದರೆ ಆ ಪುಸ್ತಕದಲ್ಲಿ ಘಟನೆಯ ಸ್ಥಳ ಬರೆದಿರುತ್ತದೆ. ತಿಂಗಳಿಗೊಮ್ಮೆ ಠಾಣೆಯ ಪಟ್ಟಿ ಮತ್ತು ಎಂಎಲ್‌ಸಿ ಪಟ್ಟಿ ಎರಡನ್ನೂ ಒಬ್ಬರು ಕೂತು ಹೆಸರು, ದಿನಾಂಕ ತಾಳೆ ಹಾಕಿದರೆ, ಪೊಲೀಸ್ ಲೆಕ್ಕದಿಂದ ಬಿಟ್ಟುಹೋದ ಗಾಯಾಳುಗಳು ಸಿಗುತ್ತಾರೆ. ಹೀಗೆ ಸಿಗುವವರಲ್ಲಿ ತಾನೇ ಜಾರಿ ಬಿದ್ದ ಬೈಕ್ ಸವಾರರು ಹೆಚ್ಚು, ಏಕೆಂದರೆ ಎದುರು ವಾಹನ ಇಲ್ಲದಿದ್ದಾಗ ದೂರು ಕೊಡುವುದು ಯಾರ ಮೇಲೆ? ತಗ್ಗು ಬಿದ್ದ ರಸ್ತೆಯ ನಿಜವಾದ ಲೆಕ್ಕ ಇರುವುದು ಅವರಲ್ಲಿ.

ಕ್ಯಾಲೆಂಡರ್ ಕೂಡ ನಮ್ಮನ್ನು ದಾರಿ ತಪ್ಪಿಸುತ್ತದೆ. ದಿನಕ್ಕೆ ಎರಡರಂತೆ ಜನವರಿಯಲ್ಲಿ 62 ಅಪಘಾತ ಆದರೆ, ಅದೇ ದರದಲ್ಲಿ ಫೆಬ್ರುವರಿಗೆ 56. ಏನೂ ಬದಲಾಗದೇ ಸುಮಾರು ಶೇ 10 ಇಳಿಕೆ. ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸುವುದು ಇದಕ್ಕಿಂತ ವಾಸಿ, ಆದರೂ ಪೂರ್ತಿ ಸರಿಯಲ್ಲ. 2023ರ ಮಾರ್ಚ್ ಮತ್ತು 2024ರ ಮಾರ್ಚ್ ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಶನಿವಾರ, ಭಾನುವಾರ ಸೇರಿ 8 ದಿನ; ಎರಡನೆಯದರಲ್ಲಿ 10. ಶಿವರಾತ್ರಿ 2023ರಲ್ಲಿ ಫೆಬ್ರುವರಿ 18ಕ್ಕೆ ಇತ್ತು, 2024ರಲ್ಲಿ ಮಾರ್ಚ್ 8ಕ್ಕೆ ಬಂತು. ಸಿದ್ಧಾರೂಢ ಮಠದ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ನಡೆದು, ಟ್ರ್ಯಾಕ್ಟರ್ ಏರಿ, ಬೈಕಿನಲ್ಲಿ ಬರುವ ಜನಸಾಗರವೂ ಅದರೊಂದಿಗೆ ತಿಂಗಳು ದಾಟಿತು. ಯುಗಾದಿ ಇದಕ್ಕೆ ತಿರುಗುಮುರುಗು: 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9. ನಮ್ಮ ಓಡಾಟ ಪಂಚಾಂಗ ನೋಡಿ ನಡೆಯುತ್ತದೆ, ಲೆಕ್ಕ ಮಾತ್ರ ಇಂಗ್ಲಿಷ್ ತಿಂಗಳಿನಲ್ಲಿ. ಹಬ್ಬ ಯಾವ ತಿಂಗಳಲ್ಲಿ ಬಿದ್ದರೂ ಹನ್ನೆರಡು ತಿಂಗಳ ಒಟ್ಟು ಲೆಕ್ಕದಲ್ಲಿ ಅದು ಸಾಮಾನ್ಯವಾಗಿ ಒಂದೇ ಸಲ ಬರುತ್ತದೆ. ಪ್ರತಿ ತಿಂಗಳು ಹೊಸದನ್ನು ಸೇರಿಸಿ ಹಳೆಯದೊಂದನ್ನು ಬಿಡುತ್ತಾ ಹೋಗುವ ಈ ಉರುಳು ಮೊತ್ತವೇ ಸರಳ, ಪ್ರಾಮಾಣಿಕ ಅಳತೆ.

ಹಾಗಂತ ತಿಂಗಳಿಗೆ ತನ್ನದೇ ಗುಣ ಇಲ್ಲ ಎಂದಲ್ಲ. ದೇಶದ ಲೆಕ್ಕದಲ್ಲಿ ಮದುವೆ, ರಜೆಗಳ ಮೇ ಮತ್ತು ಅದರ ಬೆನ್ನಿಗೆ ಬರುವ ಜೂನ್ ಭಾರದ ತಿಂಗಳುಗಳು. ಮಳೆ ಹಿಡಿದ ಮೇಲೆ ಓಡಾಟವೂ ವೇಗವೂ ತಗ್ಗಿ ಸಂಖ್ಯೆ ಇಳಿಯುತ್ತದೆ. ಮೊದಲ ಮಳೆಯ ದಿನಗಳು ಮಾತ್ರ ಬೇರೆ. ಬೇಸಿಗೆಯಿಡೀ ಡಾಂಬರಿನ ಮೇಲೆ ಕೂತ ಎಣ್ಣೆ, ಟೈರಿನ ಪುಡಿ, ದೂಳು ನೀರಿನೊಂದಿಗೆ ಕಲೆತು ಜಾರುತ್ತವೆ. ಜೋರು ಮಳೆ ಒಂದೆರಡು ಬಿದ್ದು ಅದು ತೊಳೆದುಹೋಗುವವರೆಗೆ ಬೈಕಿನವರಿಗೆ ಅಪಾಯ. ಚಳಿಗಾಲದ ಅಪಾಯದ ಬಗ್ಗೆ ಯಾರೂ ಮಾತಾಡುವುದಿಲ್ಲ. ದೇಶದಲ್ಲಿ ಅತಿ ಹೆಚ್ಚು ಅಪಘಾತ ಆಗುವುದು ಸಂಜೆ 6ರಿಂದ 9ರೊಳಗೆ, ಐದರಲ್ಲಿ ಒಂದು ಪಾಲು. ಧಾರವಾಡದಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವಾಗ ಏಳು ದಾಟಿರುತ್ತದೆ, ನವೆಂಬರ್ ಕೊನೆಗೆ ಆರು ಗಂಟೆಗೇ ಮುಳುಗುತ್ತದೆ. ಕಚೇರಿ, ಕಾಲೇಜು, ಮಾರ್ಕೆಟ್ ಬಿಟ್ಟು ಜನ ಮನೆಗೆ ಹೊರಡುವ ಒಂದು ಗಂಟೆ ಪೂರ್ತಿ ಬೆಳಕಿನಿಂದ ಕತ್ತಲೆಗೆ ಸರಿಯುತ್ತದೆ. ಕಬ್ಬು ಕಡಿಯುವ ಕಾಲವೂ ಅದೇ. ಹಿಂದೆ ಕೆಂಪು ದೀಪವಿಲ್ಲದ, ಪ್ರತಿಫಲಕ ಪಟ್ಟಿ ಇಲ್ಲದ ಟ್ರೇಲರ್, ಅದರ ಅಂಚಿನಾಚೆ ಚಾಚಿದ ಕಬ್ಬಿನ ಜಲ್ಲೆ, ಹಿಂದಿನಿಂದ ಬರುವ ಬೈಕ್. ಎದುರು ವಾಹನದ ಹೆಡ್‌ಲೈಟ್ ಕಣ್ಣಿಗೆ ಹೊಡೆದ ಕ್ಷಣದಲ್ಲಿ ಆ ಟ್ರೇಲರ್ ಇಲ್ಲವೇ ಇಲ್ಲ ಎಂಬಂತೆ ಇರುತ್ತದೆ. ಅಕ್ಟೋಬರ್‌ನಲ್ಲೇ ಕಾರ್ಖಾನೆಯ ತೂಕದ ಕಟ್ಟೆಯ ಹತ್ತಿರ ನಿಂತು ಪ್ರತಿ ಟ್ರೇಲರ್‌ನ ಹಿಂಬದಿಗೆ ಕೆಂಪು, ಬದಿಗೆ ಹಳದಿ ಪಟ್ಟಿ ಅಂಟಿಸಿ ಒಳಗೆ ಬಿಟ್ಟರೆ ಅದು ತಿಂಗಳ ಲೆಕ್ಕವನ್ನು ಓದಿ ಮಾಡಿದ ಕೆಲಸ.

ಕಾರಣದ ಅಂಕಣಕ್ಕೆ ಬರೋಣ. ನಮ್ಮ ಭಾಗದ ಪಿರ್ಯಾದಿಗಳಲ್ಲಿ ಒಂದು ವಾಕ್ಯ ಅಚ್ಚೊತ್ತಿದಂತೆ ಇರುತ್ತದೆ: ವಾಹನವನ್ನು ‘ಅತೀ ಜೋರಿನಿಂದ ವ ನಿಷ್ಕಾಳಜಿತನದಿಂದ’ (ವ ಅಂದರೆ ಮತ್ತು) ನಡೆಸಿಕೊಂಡು ಬಂದು ಅಪಘಾತಪಡಿಸಿ. ಕಲಂ 281 ಹಚ್ಚಬೇಕಾದರೆ ಈ ಮಾತು ಬೇಕು, ಬರೆಯುತ್ತಾರೆ. ಆಮೇಲೆ ಅದೇ ಮಾತು ಅಂಕಿಅಂಶದ ಕಾರಣದ ಅಂಕಣದಲ್ಲಿ ‘ಅತಿವೇಗ’ ಆಗಿ ಕೂರುತ್ತದೆ. 2022ರ ರಾಷ್ಟ್ರೀಯ ವರದಿಯಲ್ಲಿ ಸಾವುಗಳ ಶೇ 71ಕ್ಕೆ ಕಾರಣ ಅತಿವೇಗ ಎಂದಿದೆ. ವೇಗ ಕೊಲ್ಲುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವಿನ ಅಪಘಾತದ ಅಪಾಯ ಶೇ 4ರಷ್ಟು ಏರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ವೇಗ ಅಳೆಯದೇ ಬರೆದ ‘ಅತಿವೇಗ’ ನಮಗೆ ಯಾವ ದಾರಿಯನ್ನೂ ತೋರಿಸುವುದಿಲ್ಲ. ದೀಪ ಕೆಟ್ಟಿತ್ತೇ, ವಿಭಜಕದಲ್ಲಿ ಅಕ್ರಮ ಕಿಂಡಿ ಇತ್ತೇ, ಕಾಮಗಾರಿಯ ಮಣ್ಣಿನ ಗುಡ್ಡೆಗೆ ಎಚ್ಚರಿಕೆ ಫಲಕ ಇತ್ತೇ, ಇವೆಲ್ಲ ಆ ಒಂದು ಪದದಡಿ ಹೂತುಹೋಗುತ್ತವೆ.

ಕಾರಣಕ್ಕಿಂತ ಗಟ್ಟಿಯಾದ ಮಾಹಿತಿ ಅಂದರೆ ಸತ್ತವರು ಯಾರು ಎಂಬುದು. ಅದರಲ್ಲಿ ಅಭಿಪ್ರಾಯಕ್ಕೆ ಜಾಗವಿಲ್ಲ. 2022ರಲ್ಲಿ ದೇಶದಲ್ಲಿ ಸತ್ತ 1,68,491 ಜನರಲ್ಲಿ ಶೇ 44.5 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು, ಶೇ 19.5 ಪಾದಚಾರಿಗಳು. ಆ ವರ್ಷ ಹೆಲ್ಮೆಟ್ ಇಲ್ಲದೇ ಸತ್ತವರು 50,029. ಅದರಲ್ಲಿ 14,337 ಮಂದಿ ಹಿಂಬದಿ ಸವಾರರು. ಮೋಟಾರು ವಾಹನ ಕಾಯ್ದೆಯ ಕಲಂ 129 ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದೆ. ನಮ್ಮ ಊರಿನ ತಿಂಗಳ ಲೆಕ್ಕದಲ್ಲಿ ಪಾದಚಾರಿ, ಬೈಕ್ ಸವಾರ, ಹಿಂಬದಿ ಸವಾರ, ಸೈಕಲ್, ಆಟೊ, ಕಾರು, ಇತರೆ ಎಂಬ ಏಳು ಮನೆ ಇದ್ದರೆ ಸಾಕು, ಚಿತ್ರ ತಾನಾಗಿ ತೆರೆಯುತ್ತದೆ. ಹುಬ್ಬಳ್ಳಿ–ಧಾರವಾಡ ನಡುವಿನ ತ್ವರಿತ ಬಸ್ಸಿನ ಬಿಆರ್‌ಟಿಎಸ್ ದಾರಿಯನ್ನೇ ನೋಡಿ. ಚಿಗರಿ ಬಸ್ಸಿನ ನಿಲ್ದಾಣಗಳು ರಸ್ತೆಯ ನಟ್ಟನಡುವೆ ಇವೆ. ಬಸ್ ಹಿಡಿಯುವ ಪ್ರತಿಯೊಬ್ಬರೂ ಹೋಗುವಾಗ ಅರ್ಧ ರಸ್ತೆ, ಬರುವಾಗ ಅರ್ಧ ರಸ್ತೆ ದಾಟಲೇಬೇಕು. ಆ ದಾರಿಯಲ್ಲಿ ಪಾದಚಾರಿಗಳ ಪಾಲು ಉಳಿದ ರಸ್ತೆಗಳಿಗಿಂತ ಹೆಚ್ಚಿದ್ದರೆ, ದಾಟುವ ಜಾಗದ ಸಿಗ್ನಲ್ ಸಮಯ, ಕಂಬಿಬೇಲಿ, ದೀಪಗಳನ್ನು ನೋಡಬೇಕಾದವರು ಇಂಜಿನಿಯರ್‌ಗಳು. ಹೆಲ್ಮೆಟ್ ದಂಡ ಅಲ್ಲಿ ಒಂದು ಜೀವವನ್ನೂ ಉಳಿಸದು.

ಅಪಘಾತ ಆದ ಮರುದಿನ ಹಂಪ್ ಹಾಕುವ ರೂಢಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಒಂದು ಕ್ರಾಸಿನಲ್ಲಿ ಎರಡು ತಿಂಗಳಲ್ಲಿ ಮೂರು ಸಾವಾದರೆ ಜನ ರಸ್ತೆಗಿಳಿಯುತ್ತಾರೆ, ರಾತ್ರೋರಾತ್ರಿ ಹಂಪ್ ಬರುತ್ತದೆ. ಮುಂದಿನ ಎರಡು ತಿಂಗಳು ಸಾವು ಇಲ್ಲ. ಹಂಪ್ ಕೆಲಸ ಮಾಡಿತು ಎನ್ನುತ್ತೇವೆ. ಆದರೆ ಕೆಟ್ಟ ಎರಡು ತಿಂಗಳನ್ನು ನೋಡಿಯೇ ಆ ಜಾಗ ಆರಿಸಿದ್ದು. ಅಲ್ಲಿ ಏನೂ ಮಾಡದಿದ್ದರೂ ಮುಂದಿನ ತಿಂಗಳುಗಳು ತಮ್ಮ ಸರಾಸರಿಗೆ ಇಳಿಯುತ್ತಿದ್ದವು. ಹಾಗಾಗಿ ಆ ಕ್ರಾಸಿನ ಹಿಂದಿನ ಮೂರು ವರ್ಷ ಮತ್ತು ಮುಂದಿನ ಮೂರು ವರ್ಷ ನೋಡಬೇಕು, ಜೊತೆಗೆ ಹಂಪ್ ಹಾಕದ ಅಂಥದ್ದೇ ಬೇರೆ ಕ್ರಾಸುಗಳನ್ನೂ ನೋಡಬೇಕು. ಹಂಪ್‌ನ ಆಕಾರದ್ದಂತೂ ಬೇರೆಯೇ ಅನಾಹುತ. ರಸ್ತೆಯ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ 99ರ 1988ರ ಆವೃತ್ತಿಯ ಪ್ರಕಾರ ಅದು ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ನಯವಾದ ಕಮಾನು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟುವಂತೆ ಲೆಕ್ಕ ಹಾಕಿದ ಅಳತೆ ಅದು. 40 ಮೀಟರ್ ಮುಂಚೆ ಫಲಕ ಇರಬೇಕು, ಮೇಲೆ ಕಪ್ಪು ಬಿಳಿ ಪಟ್ಟೆ ಇರಬೇಕು. ನಾವು ಬಡಾವಣೆಗಳಲ್ಲಿ ಕಾಣುವುದು ಒಂದು ಮೊಳ ಅಗಲದ, ಗೇಣೆತ್ತರದ ಡಾಂಬರಿನ ದಿಂಡು. ಪಟ್ಟೆ ಇಲ್ಲ, ಫಲಕ ಇಲ್ಲ, ಮೇಲೆ ದೀಪವೂ ಇಲ್ಲ. ಸ್ಕೂಟರಿನ ಹಿಂದೆ ಒಂದೇ ಕಡೆಗೆ ಕಾಲು ಹಾಕಿ, ಮಡಿಲಲ್ಲಿ ಮಗು ಇಟ್ಟುಕೊಂಡು ಕೂತ ಹೆಣ್ಣುಮಗಳು ಅದರ ಮೇಲೆ ಎಗರಿ ಹಿಂದಕ್ಕೆ ಬೀಳುತ್ತಾಳೆ, ತಲೆಯ ಹಿಂಭಾಗ ಮೊದಲು ನೆಲಕ್ಕೆ ತಾಗುತ್ತದೆ. ಆ ಸಾವು ಸೇರುವುದು ಯಾವ ಕಾರಣದ ಅಂಕಣಕ್ಕೆ? ಅತೀ ಜೋರು ವ ನಿಷ್ಕಾಳಜಿತನ, ಆರೋಪಿ ಆಕೆಯ ಗಂಡ.

ಬ್ಲ್ಯಾಕ್ ಸ್ಪಾಟ್ ಗುರುತಿಸುವ ಕೇಂದ್ರದ ನಿಯಮ ಹೀಗಿದೆ: ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಹಿಂದಿನ ಮೂರು ವರ್ಷಗಳಲ್ಲಿ ಸಾವು ಅಥವಾ ಭಾರಿ ಗಾಯದ 5 ಅಪಘಾತ, ಇಲ್ಲವೇ ಒಟ್ಟು 10 ಸಾವು. ನಿಯಮ ಸರಿಯಾದದ್ದೇ, ಆದರೆ ಅದು ಸಾವಿಗಾಗಿ ಕಾಯುತ್ತದೆ. ನಗರದೊಳಗಿನ ರಸ್ತೆಗಳಲ್ಲಿ ಕಾಯದೇ ಅಳೆಯುವ ಎರಡು ದಾರಿ ಇವೆ, ಎರಡೂ ತಿಂಗಳಿಗೊಮ್ಮೆ ಮಾಡಲು ಹೇಳಿಮಾಡಿಸಿದಂಥವು. ಒಂದು, ಹೆಲ್ಮೆಟ್ ಎಣಿಕೆ. ಪ್ರತಿ ತಿಂಗಳ ಎರಡನೇ ಬುಧವಾರ ಸಂಜೆ 5ರಿಂದ 7, ಅವೇ ನಾಲ್ಕು ಜಾಗ, ಒಂದೊಂದರಲ್ಲಿ 200 ದ್ವಿಚಕ್ರ ವಾಹನ. ಸವಾರ ಹಾಕಿದ್ದಾರೆಯೇ, ಪಟ್ಟಿ ಬಿಗಿದಿದೆಯೇ, ಹಿಂದೆ ಕೂತವರು ಹಾಕಿದ್ದಾರೆಯೇ ಎಂದು ಗೆರೆ ಎಳೆಯುತ್ತಾ ಹೋಗಬೇಕು. ಅಲ್ಲಿ ಪೊಲೀಸರು ನಿಂತಿರಬಾರದು. ನಿಂತರೆ ಎಣಿಕೆ ಸುಳ್ಳು. 800 ವಾಹನ ಎಣಿಸಿದರೆ ಉತ್ತರ ಶೇಕಡಾ ಮೂರು ನಾಲ್ಕು ಅಂಶಗಳ ಹೆಚ್ಚುಕಡಿಮೆಯಲ್ಲಿ ನಿಜಕ್ಕೆ ಹತ್ತಿರ ಇರುತ್ತದೆ. ತಿಂಗಳ ಸಾವಿನ ಸಂಖ್ಯೆಗೆ ಇಷ್ಟು ನಿಖರತೆ ಎಂದೂ ಬರದು. ಎರಡು, ವೇಗ. ಸಿಗ್ನಲ್ಲಿನಿಂದ ದೂರದ, ಮುಂದೆ ಅಡ್ಡಿಯಿಲ್ಲದ ಜಾಗದಲ್ಲಿ 100 ವಾಹನಗಳ ವೇಗವನ್ನು ರಾಡಾರ್ ಗನ್ನಿನಿಂದ ಅಳೆದು ಕಡಿಮೆಯಿಂದ ಹೆಚ್ಚಿಗೆ ಬರೆದುಕೊಳ್ಳಿ. 85ನೆಯ ವಾಹನದ ವೇಗವೇ ಆ ರಸ್ತೆಯ ನಾಡಿ. ಫಲಕದಲ್ಲಿ 40 ಇದ್ದು ಆ ವೇಗ 62 ಇದ್ದರೆ, ಅಲ್ಲಿ ಸಾವು ಆಗುವುದಕ್ಕೆ ಮುಂಚೆಯೇ ಗೊತ್ತಾಯಿತಲ್ಲ. ಗುಂಪಾಗಿ ಒಂದರ ಹಿಂದೊಂದು ಬರುವ ವಾಹನಗಳನ್ನು ಅಳೆಯಬಾರದು, ಅವುಗಳ ವೇಗ ಮುಂದಿನವರದ್ದು.

ಇಷ್ಟಕ್ಕೆ ಬೇಕಾದ ವ್ಯವಸ್ಥೆ ಹೊಸದಾಗಿ ಕಟ್ಟಬೇಕಿಲ್ಲ. ಐರಾಡ್ ಎಂಬ ರಾಷ್ಟ್ರೀಯ ಅಪಘಾತ ದತ್ತಾಂಶ ವ್ಯವಸ್ಥೆಯನ್ನು ಮೊದಲ ಹಂತದಲ್ಲಿ ಜಾರಿ ಮಾಡಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಈಗ ಅದು ಇ–ಡಾರ್ ಆಗಿ ಬೆಳೆದಿದೆ. ಪೊಲೀಸ್ ಸಿಬ್ಬಂದಿ ಮೊಬೈಲ್ ಆ್ಯಪ್‌ನಲ್ಲಿ ಸ್ಥಳದಿಂದಲೇ ಫೋಟೊ, ಅಕ್ಷಾಂಶ ರೇಖಾಂಶ ಸಮೇತ ನಮೂದಿಸುತ್ತಾರೆ. ಬಳಿಕ ಮೋಟಾರು ವಾಹನ ನಿರೀಕ್ಷಕರು ವಾಹನದ, ರಸ್ತೆ ಇಲಾಖೆಯ ಇಂಜಿನಿಯರ್ ರಸ್ತೆಯ, ಆಸ್ಪತ್ರೆಯವರು ಗಾಯದ ವಿವರ ತುಂಬಬೇಕು. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮಗಳಂತೆ ಮೊದಲ ವರದಿ 48 ಗಂಟೆಯೊಳಗೆ, ಪೂರ್ಣ ವರದಿ 90 ದಿನದೊಳಗೆ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು. ಎಡವುವ ಜಾಗ ಎರಡು. ಗಡಿಬಿಡಿಯಲ್ಲಿ ಠಾಣೆಗೆ ಬಂದು ನಮೂದಿಸಿದರೆ ನಕ್ಷೆಯ ಗುರುತು ಠಾಣೆಯ ಅಂಗಳದಲ್ಲೇ ಬೀಳುತ್ತದೆ. ಅಂಥ ಗುರುತುಗಳನ್ನು ತಿಂಗಳಿಗೊಮ್ಮೆ ಆರಿಸಿ ಪಂಚನಾಮೆ ನೋಡಿ ಸರಿಪಡಿಸಬೇಕು. ಇನ್ನೊಂದು, ಇಂಜಿನಿಯರ್ ತುಂಬಬೇಕಾದ ಭಾಗ. ಅದು ಖಾಲಿ ಉಳಿದ ಅಪಘಾತದಲ್ಲಿ ತಪ್ಪು ಎಂದಿಗೂ ಚಾಲಕನದ್ದೇ. ರಸ್ತೆಯ ವಿನ್ಯಾಸ ಮತ್ತು ನಿರ್ವಹಣೆಯ ಲೋಪದಿಂದ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು ಎನ್ನುವ ಕಲಂ 198ಎ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲೇ ಬಂದಿದೆ. ಆ ಭಾಗ ತುಂಬದೇ ಆ ಕಲಮಿಗೆ ಆಧಾರ ಎಲ್ಲಿಂದ ಬರಬೇಕು?

ಸಂಪಾದಕರೇ, ನಿಮ್ಮಲ್ಲಿ ನಮ್ಮ ಕೋರಿಕೆ ಒಂದು ಸಣ್ಣ ಚೌಕದಷ್ಟು ಜಾಗ. ಪ್ರತಿ ತಿಂಗಳ ಮೊದಲ ವಾರ, ಎರಡು ತಿಂಗಳ ಹಿಂದಿನ ಪಕ್ಕಾ ಲೆಕ್ಕ: ಮಾರ್ಚ್‌ನಲ್ಲಿ ಜನವರಿಯದ್ದು, ಏಪ್ರಿಲ್‌ನಲ್ಲಿ ಫೆಬ್ರುವರಿಯದ್ದು. ಸಾವು ತಂದ ಅಪಘಾತ ಎಷ್ಟು, ಸತ್ತವರು ಎಷ್ಟು, ಭಾರಿ ಗಾಯದ ಅಪಘಾತ ಎಷ್ಟು. ಅದರ ಕೆಳಗೆ ಈವರೆಗಿನ ಹನ್ನೆರಡು ತಿಂಗಳ ಮೊತ್ತ, ಪಕ್ಕದಲ್ಲಿ ಅದರ ಹಿಂದಿನ ಹನ್ನೆರಡು ತಿಂಗಳದ್ದು. ಸತ್ತವರ ಏಳು ಮನೆ. ಮೂರು ಮೂರು ಗಂಟೆಯ ಎಂಟು ಹೊತ್ತು. ಬೈಪಾಸ್, ಬಿಆರ್‌ಟಿಎಸ್ ದಾರಿ, ಗದಗ, ಕಾರವಾರ, ಗೋಕುಲ ರಸ್ತೆಗಳು, ಉಳಿದವು ಎಂದು ಜಾಗದ ವಿಂಗಡಣೆ, ಕಮಿಷನರೇಟ್ ಮತ್ತು ಗ್ರಾಮೀಣ ಠಾಣೆಗಳ ಲೆಕ್ಕ ಎರಡನ್ನೂ ಕೂಡಿಸಿ. ಮೊದಲು ಪ್ರಕಟಿಸಿದ್ದ ಸಂಖ್ಯೆ ಆಮೇಲೆ ಬದಲಾಗಿದ್ದರೆ ಹಳೆಯದನ್ನೂ ಪಕ್ಕದಲ್ಲೇ ಹಾಕಿ. ಶೇಕಡಾವಾರು ಏರಿಕೆ ಇಳಿಕೆಯ ಸಾಲು ಬೇಡ. ಪೊಲೀಸ್ ಇಲಾಖೆಯಿಂದ ಕೇಳುವಾಗ ಪ್ರಕರಣ ದಾಖಲಾದ ದಿನಾಂಕವಲ್ಲ, ಅಪಘಾತ ನಡೆದ ದಿನಾಂಕದ ಪ್ರಕಾರ ಕೊಡಿ ಎಂದು ಕೇಳಿ. ಇ–ಡಾರ್‌ನಲ್ಲಿ ಎರಡೂ ಇರುತ್ತವೆ.

ಇಂತಿ,
ರಸ್ತೆ ಸುರಕ್ಷತೆಯ ಅಂಕಿಅಂಶಗಳ ಕೆಲಸದಲ್ಲಿರುವ ಓದುಗರು,
ಧಾರವಾಡ